ಮೂರನೇ ಮರೆಗೂಡಿನ ಜೊಂಡುಬಕ

"ಈ ಸಲದ ಹಕ್ಕಿ ಎಣಿಕೆಯಲ್ಲಿ ನಿನ್ನ ತಂಗಿ ಗಂಡನಿಗೆ ಮಣ್ಣು ಮುಕ್ಕಿಸದೇ ಹೋದರೆ ನನ್ನ ಹೆಸರು ಬದಲಾಯಿಸಿಬಿಡು!" ಎಂದು ಚಾಳೀಸಪ್ಪನವರು ಬ್ರೆಡ್ಡಿನ ತುಂಡನ್ನು ಖಡ್ಗದಂತೆ ಎತ್ತಿ ಹಿಡಿದು ಪ್ರತಿಜ್ಞೆ ಮಾಡಿದರು.

"ನಿಮ್ಮ ಹೆಸರನ್ನ ಊರವರು ಬದಲಾಯಿಸಿ ಆಗ್ಲೇ ಇಪ್ಪತ್ತು ವರ್ಷ ಆಯ್ತು. ಜಾಮ್ ಮೇಜಿನ ಮೇಲೆ ಬೀಳ್ತಿದೆ, ನೋಡಿ," ಎಂದರು ಹೆಂಡತಿ.

ಅದು ನಿಜವೇ. ಪೇಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟು, ನಲವತ್ತು ದಾಟಿದವರ ಮೂಗಿಗೆಲ್ಲ ಚಾಳೀಸು ಏರಿಸುತ್ತ ಬಂದ ಈ ಮಹಾನುಭಾವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಅಂಗಡಿಯ ಮಹಡಿಯ ಮೇಲೆ ಹೆಂಡತಿಯ ಹಲ್ಲಿನ ದವಾಖಾನೆ. ಎಲ್ಲರಿಗೂ ಆಕೆ ಡಾಕ್ಟರಮ್ಮ. "ಕೆಳಗೆ ಗಂಡ ಕಣ್ಣು ಬಿಡಿಸ್ತಾನೆ, ಮೇಲೆ ಹೆಂಡತಿ ಬಾಯಿ ಬಿಡಿಸ್ತಾಳೆ" ಎಂಬುದು ಪೇಟೆಯವರ ಮಾತು.

ಇನ್ನು ಷಡ್ಡಕ. ಡಾಕ್ಟರಮ್ಮನ ತಂಗಿಯನ್ನು ಕೈಹಿಡಿದ ಈ ಮನುಷ್ಯನಿಗೆ ಡ್ರೈವಿಂಗ್ ಸ್ಕೂಲು. ವಾರದ ಆರು ದಿನ ಬೇರೆಯವರು ಕಾರನ್ನು ಕಂಬಕ್ಕೆ ಗುದ್ದದಂತೆ ಬ್ರೇಕು ತುಳಿಯುವುದು, ಏಳನೇ ದಿನ ಮೊಣಕೈಯಷ್ಟುದ್ದದ ಲೆನ್ಸು ಹೊತ್ತು ಸಮುದ್ರದಂಚಿನ ಪಕ್ಷಿಧಾಮಕ್ಕೆ ಹೋಗುವುದು. ಅಲ್ಲಿ ವರ್ಷಕ್ಕೊಮ್ಮೆ ಊರವರನ್ನೆಲ್ಲ ಸೇರಿಸಿ ಹಕ್ಕಿಗಳ ಎಣಿಕೆ ಮಾಡುತ್ತಾರೆ. ಹೋದ ವರ್ಷ ಷಡ್ಡಕ ನಲವತ್ಮೂರು ಜಾತಿಯ ಹಕ್ಕಿ ನೋಡಿದ್ದ. ಚಾಳೀಸಪ್ಪನವರು ನೋಡಿದ್ದು ಒಂಬತ್ತು. ಅದರಲ್ಲೂ ಒಂದು ಆಮೇಲೆ ದಡಕ್ಕೆ ತೇಲಿಬಂದಾಗ ಯಾರದೋ ಎಡಗಾಲಿನ ಚಪ್ಪಲಿ ಎಂದು ತಿಳಿಯಿತು!

"ಊರಿನ ಕಣ್ಣನ್ನೆಲ್ಲ ತಿದ್ದಿದವನು ನಾನು! ಕಂಬ ಕಂಡರೆ ಸಾಕು ಅನ್ನೋ ಕಣ್ಣು ಅವನದು. ಅವನು ನಲವತ್ಮೂರು, ನಾನು ಒಂಬತ್ತಾ?"

"ಎಂಟು," ಎಂದರು ಡಾಕ್ಟರಮ್ಮ.

ಅಂದಿನಿಂದಲೇ ಸಿದ್ಧತೆ ಶುರುವಾಯಿತು. ಹಕ್ಕಿಗಳಿಗೆ ಬಿಳಿ ಬಟ್ಟೆ ಕಂಡರೆ ಆಗುವುದಿಲ್ಲವೆಂದು ಎಲ್ಲೋ ಓದಿ, ತಮ್ಮ ಅಂಗಿ ಪ್ಯಾಂಟುಗಳನ್ನು ವಾಷಿಂಗ್ ಮಷೀನಿಗೆ ಹಾಕಿ ಒಂದು ಡಬ್ಬಿ ಹಸಿರು ಬಣ್ಣ ಸುರಿದರು. ಮಷೀನಿನ ತಳದಲ್ಲಿ ಡಾಕ್ಟರಮ್ಮನ ನಾಲ್ಕು ಬಿಳಿ ಕೋಟುಗಳು ಮೊದಲೇ ಮಲಗಿದ್ದವು. ಮಾರನೆಯ ದಿನ ದವಾಖಾನೆಯ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಅಜ್ಜಿಯೊಬ್ಬರು, ಗಿಣಿಯ ಬಣ್ಣದ ವೈದ್ಯರು ಇಕ್ಕಳ ಹಿಡಿದು ಬಂದುದನ್ನು ಕಂಡು, ಬಾಯಿ ಮುಚ್ಚಿದವರು ಮತ್ತೆ ತೆರೆಯಲೇ ಇಲ್ಲ.

"ರೀ, ನಿಮ್ಮ ಹಕ್ಕಿ ಹುಚ್ಚು ನನ್ನ ಹೊಟ್ಟೆಪಾಡಿಗೇ ಬಂತಲ್ಲ!"

"ಶಾಂತವಾಗಿರು. ಹಸಿರು ಕಣ್ಣಿಗೆ ತಂಪು."

"ನನಗೆ ಬೇಕಿರೋದು ಹಲ್ಲಿನ ಪೇಷಂಟ್ಸು!"

ಅಂಗಡಿಯಲ್ಲೂ ಅಷ್ಟೇ. ಕಣ್ಣು ಪರೀಕ್ಷೆಗೆ ಬಂದವರ ಮುಂದೆ ಅಕ್ಷರದ ಹಲಗೆಯ ಬದಲು ಹಕ್ಕಿಯ ಚಿತ್ರಗಳು. "ಮೇಲಿನ ಸಾಲು ಓದಿ" ಎಂದರೆ ಗಿರಾಕಿ "ಬಾತುಕೋಳಿ" ಎನ್ನಬೇಕು. ಅದು ನೀರುಕೋಳಿಯಾಗಿದ್ದರೆ ಇಬ್ಬರೂ ಕೂತು ಪುಸ್ತಕ ತಿರುವಬೇಕು. ಇದು ಸಾಲದೆಂದು, ಹಕ್ಕಿಗಳ ಜೊತೆ ಏಳುವ ಅಭ್ಯಾಸವಾಗಲೆಂದು, ಎಣಿಕೆಯ ಹಿಂದಿನ ಒಂದು ವಾರ ಪೂರ್ತಿ ನಸುಕಿನಲ್ಲಿ ನಾಲ್ಕು ಗಂಟೆಗೆ ಅಲಾರಂ ಇಟ್ಟು ಎದ್ದರು. ಎದ್ದು ಮಾಡಿದ್ದೇನು? ಪಕ್ಕದ ಮನೆಯ ನೀರಿನ ಟ್ಯಾಂಕನ್ನು ಬೈನಾಕ್ಯುಲರಿನಲ್ಲಿ ನೋಡುತ್ತ ನಿಂತರು!

ಹೀಗೆ ಏಳು ದಿನದ ನಿದ್ದೆಯನ್ನು ಬಾಕಿ ಇಟ್ಟುಕೊಂಡು ಚಾಳೀಸಪ್ಪನವರು ಎಣಿಕೆಯ ಬೆಳಗ್ಗೆ ಪಕ್ಷಿಧಾಮದ ಗೇಟಿನಲ್ಲಿ ಇಳಿದರು. ಸಮುದ್ರ ಇಳಿತದಲ್ಲಿತ್ತು. ಅಳಿವೆಯ ಕೆಸರು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರಾಚೆ ಆಳೆತ್ತರದ ಜೊಂಡು, ಜೊಂಡಿನ ನಡುವೆ ಹಲಗೆ ಹಾಸಿದ ಕಾಲುದಾರಿ, ದಾರಿಯುದ್ದಕ್ಕೂ ಅಲ್ಲಲ್ಲಿ ಕಂಬಗಳ ಮೇಲೆ ನಿಂತ ಮರದ ಕೋಣೆಗಳು. ಇವಕ್ಕೆ ಮರೆಗೂಡು ಎನ್ನುತ್ತಾರೆ. ಒಳಗೆ ಒಂದು ಬೆಂಚು, ಎದುರಿಗೆ ಅಂಗೈಯಗಲದ ಸೀಳುಕಿಂಡಿ. ಅದರಲ್ಲಿ ಇಣುಕಿದರೆ ಹಕ್ಕಿಗೆ ನಾವು ಕಾಣುವುದಿಲ್ಲ.

ಪಕ್ಷಿಧಾಮದ ಅಧಿಕಾರಿ, ಆರು ತಿಂಗಳ ಹಿಂದೆ ಬಂದಿದ್ದ ಹೆಣ್ಣುಮಗಳು, ಎಲ್ಲರನ್ನೂ ಸೇರಿಸಿ ಕೆಲಸ ಹಂಚಿದರು. ಆಕೆಯ ದನಿಯಲ್ಲಿ ಏನೋ ಭಾರ.

"ಮೂರನೇ ಮರೆಗೂಡಿನ ಕಡೆ ಸ್ವಲ್ಪ ಹೆಚ್ಚು ಗಮನ ಕೊಡಿ. ಅದರ ಹಿಂದಿನ ಜೊಂಡನ್ನೆಲ್ಲ ಕಡಿದು ಗಾಡಿ ನಿಲ್ಲಿಸೋ ಜಾಗ ಮಾಡಬೇಕು ಅಂತ ಮೇಲಿನವರು ಹೊರಟಿದಾರೆ. ಅಲ್ಲಿ ಏನೂ ಇಲ್ಲ ಅಂತ ಅವರ ವಾದ. ಹನ್ನೊಂದು ವರ್ಷದ ಹಿಂದೆ ಅಲ್ಲಿ ಜೊಂಡುಬಕ ಕೂಗಿತ್ತು. ಕಣ್ಣಿಗೆ ಬೀಳೋ ಹಕ್ಕಿ ಅಲ್ಲ ಅದು, ಜೊಂಡಿನೊಳಗೇ ಅವಿತಿದ್ದು ಗೂಳಿ ಥರ ಗುಟುರು ಹಾಕುತ್ತೆ. ಅದೊಂದು ಮತ್ತೆ ಸಿಕ್ಕಿದ್ರೆ... ಸಿಗಲ್ಲ, ಬಿಡಿ. ಆದರೂ ಕಿವಿ ತೆರೆದಿರಿ."

"ಮೂರನೇದು ನನಗೆ!" ಎಂದು ಚಾಳೀಸಪ್ಪನವರು ಕೈ ಎತ್ತಿದರು. ಷಡ್ಡಕನ ಮುಖ ಬಾಡಿದ್ದು ಕಂಡು ಅವರ ಎದೆ ಎರಡಿಂಚು ಉಬ್ಬಿತು.

ಡಾಕ್ಟರಮ್ಮ, ಅವರ ತಂಗಿ ಇಬ್ಬರೂ ದಂಡೆಯ ಕೊನೆಯವರೆಗೆ ನಡೆದು ಬರುತ್ತೇವೆಂದು ಹೊರಟರು. "ರೀ, ಅಲ್ಲಿ ಕೂತು ತೂಕಡಿಸ್ಬೇಡಿ," ಎಂದು ಹೋಗುವಾಗ ಎಚ್ಚರಿಸಿದರು.

"ತೂಕಡಿಕೆಯೇ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತೀನಿ!"

ಕೂತರು. ಮೊದಲ ಅರ್ಧ ಗಂಟೆ ನಿಜಕ್ಕೂ ಕಣ್ಣು ಮಿಟುಕಿಸಲಿಲ್ಲ. ಒಂದು ಬೆಳ್ಳಕ್ಕಿ, ಎರಡು ಉಲ್ಲಂಕಿ ಸಿಕ್ಕವು. ಆಮೇಲೆ ಸಮುದ್ರದ ಕಡೆಯಿಂದ ತಂಗಾಳಿ ಬೀಸಿತು. ಜೊಂಡು ಸುಯ್ ಎಂದು ತೂಗಿತು. ಬಿಸಿಲು ಕಿಂಡಿಯಿಂದ ಇಳಿದು ಮೊಣಕಾಲನ್ನು ಬೆಚ್ಚಗೆ ಮಾಡಿತು. 'ಒಂದು ನಿಮಿಷ ರೆಪ್ಪೆಗೆ ವಿಶ್ರಾಂತಿ' ಎಂದುಕೊಂಡರು. ಏಳು ದಿನದ ಬಾಕಿ ನಿದ್ದೆ ಇದೇ ಮಾತಿಗೆ ಕಾದಿತ್ತು, ಒಮ್ಮೆಲೇ ಮುಗಿಬಿತ್ತು.

ಎಚ್ಚರವಾದಾಗ ಬಿಸಿಲು ಮೊಣಕಾಲಿನಿಂದ ಪಾದಕ್ಕೆ ಇಳಿದಿತ್ತು. ಕಿಂಡಿಯಲ್ಲಿ ಇಣುಕಿದರು. ಹಲಗೆದಾರಿಯ ಮೇಲೆ ಇಪ್ಪತ್ತು ಇಪ್ಪತ್ತೈದು ಜನ ಉಸಿರು ಬಿಗಿಹಿಡಿದು, ಮಂಡಿಯೂರಿ, ತಾವಿದ್ದ ಕಡೆಯೇ ಕಣ್ಣು ನೆಟ್ಟು ಕೂತಿದ್ದಾರೆ. ಮುಂದುಗಡೆ ಷಡ್ಡಕ ಹೊಟ್ಟೆಯ ಮೇಲೆ ಮಲಗಿ ಲೆನ್ಸು ಹೂಡಿದ್ದಾನೆ. ಪಕ್ಕದಲ್ಲಿ ಮೈಕ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಹಕ್ಕಿಗಳ ದನಿ ಮುದ್ರಿಸುವುದೇ ಕಸುಬಾದ ಹಿರಿಯರು. ಅವರ ಕೋಲಿನ ತುದಿಯ ಮೈಕು ಜೊಂಡಿನತ್ತ ಚಾಚಿಕೊಂಡಿದೆ.

ಚಾಳೀಸಪ್ಪನವರು ಬಾಯಿಯ ಅಂಚನ್ನು ಒರೆಸಿಕೊಂಡು ಮೆಲ್ಲಗೆ ಮೆಟ್ಟಿಲಿಳಿದರು.

"ಶ್!" ಎಂದಿತು ಇಡೀ ಗುಂಪು.

"ಅಣ್ಣಾ!" ಷಡ್ಡಕ ಪಿಸುಗುಟ್ಟಿದ. "ಜೊಂಡುಬಕ! ಮುಕ್ಕಾಲು ಗಂಟೆಯಿಂದ ಗುಟುರು ಹಾಕ್ತಿತ್ತು. ಈಗಷ್ಟೇ ನಿಂತಿತು. ನಿಮಗೆ ಕೇಳಿಸ್ತಾ?"

ಚಾಳೀಸಪ್ಪನವರು ಒಳಗೊಳಗೇ ಲೆಕ್ಕ ಹಾಕಿದರು. ಹನ್ನೊಂದು ವರ್ಷಕ್ಕೊಮ್ಮೆ ಕೂಗಿದ ಹಕ್ಕಿ, ತಮ್ಮ ಗೂಡಿನ ಬುಡದಲ್ಲೇ ಕೂಗಿದ ಹಕ್ಕಿ. ತಾವು ನಿದ್ದೆ ಹೊಡೆದುಬಿಟ್ಟರು! 'ಇಲ್ಲ' ಎಂದರೆ ಷಡ್ಡಕ ಜೀವಮಾನವಿಡೀ ಆಡಿಕೊಳ್ಳುತ್ತಾನೆ.

"ಕೇಳಿಸ್ದೇ ಏನು? ಮೊದಲ ಗುಟುರಿಂದ ಕೇಳ್ತಾನೇ ಇದೀನಿ!"

"ನಾನು ಕತ್ತನ್ನೂ ನೋಡ್ದೆ," ಎಂದ ಷಡ್ಡಕ.

"ಬರೀ ಕತ್ತಾ?" ಚಾಳೀಸಪ್ಪನವರು ನಕ್ಕರು. "ನಾನು ಪೂರ್ತಿ ನೋಡ್ದೆ."

ಒಂದು ಸುಳ್ಳಿಗೆ ಇನ್ನೊಂದು ಊರುಗೋಲು. ಎತ್ತರ ಎಷ್ಟು ಎಂದರು, ಮೊಣಕಾಲಿನಷ್ಟು. ಬಣ್ಣ? ಒಣ ಜೊಂಡಿನ ಬಣ್ಣ. ಕಣ್ಣು? "ಸ್ವಲ್ಪ ದೂರದೃಷ್ಟಿ ದೋಷ ಇದ್ದ ಹಾಗಿತ್ತು" ಎಂದುಬಿಟ್ಟರು! ಅಧಿಕಾರಿ ಮೇಡಂ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕೆಳಗೆ ಅವರ ಸಹಿ ಹಾಕಿಸಿಕೊಳ್ಳುವಾಗ ಆಕೆಯ ಕಣ್ಣು ತುಂಬಿತು.

"ಸರ್, ನೀವು ಏನು ಉಪಕಾರ ಮಾಡಿದೀರಿ ಅಂತ ನಿಮಗೆ ಗೊತ್ತಿಲ್ಲ. ನೋಡಿದವರು ಇಬ್ಬರಿದ್ರೆ ಸಾಕು. ಇನ್ನು ಒಂದು ಕಡ್ಡೀನೂ ಕಡಿಯೋಕಾಗಲ್ಲ!"

ಅಲ್ಲಿಂದ ಮುಂದಿನದನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಹಲಗೆದಾರಿಗೆ ಹಗ್ಗ ಕಟ್ಟಿದರು. ಚಹಾದ ಗಾಡಿಯವನಿಗೆ ಸ್ಟೌ ಸದ್ದು ಮಾಡಬೇಡವೆಂದರು. ಪಿಕ್ನಿಕ್ಕಿಗೆ ಬಂದ ಎರಡು ಬಸ್ಸುಗಳನ್ನು ಗೇಟಿನಿಂದಲೇ ತಿರುಗಿಸಿದರು. ಸುದ್ದಿ ಫೋನಿನಿಂದ ಫೋನಿಗೆ ಹಾರಿ, ಒಂದೇ ಗಂಟೆಯಲ್ಲಿ ನೂರು ಜನ ಟ್ರೈಪಾಡು ಹೊತ್ತು ಬಂದರು. ಚಾಳೀಸಪ್ಪನವರ ಫೋಟೋ ಮುಂದಿನಿಂದ ಎರಡು, ಪಕ್ಕದಿಂದ ಒಂದು ತೆಗೆದರು. ಅವರು ಕತ್ತನ್ನು ತುಸು ಎತ್ತಿ, ಕ್ಷಿತಿಜವನ್ನು ನೋಡುತ್ತ ನಿಂತರು.

ಅಷ್ಟರಲ್ಲಿ ಅಕ್ಕ ತಂಗಿ ವಾಕಿಂಗ್ ಮುಗಿಸಿ ಬಂದರು. ಮೇಡಂ ಎಲ್ಲರನ್ನೂ ಆಫೀಸಿನ ಕೋಣೆಗೆ ಕರೆದರು. "ಮೇಷ್ಟ್ರೇ, ಮುದ್ರಿಸಿದ್ದನ್ನ ಸ್ಪೀಕರಿನಲ್ಲಿ ಹಾಕಿ. ಹೆಡ್ ಆಫೀಸಿನವರು ಫೋನಲ್ಲೇ ಕೇಳ್ತಾರಂತೆ. ಲೈನಿಗೆ ತರ್ತೀನಿ."

ಮೇಷ್ಟ್ರು ಗುಂಡಿ ಒತ್ತಿದರು.

"ಘೂಂ... ಊಂ... ಘೊರ್ರ್..."

ಕೋಣೆಯೆಲ್ಲ ಕಣ್ಣು ಮುಚ್ಚಿ ತಲೆದೂಗಿತು. ಡಾಕ್ಟರಮ್ಮ ಮಾತ್ರ ಕಣ್ಣು ತೆರೆದರು. ಎರಡನೇ ಗುಟುರಿಗೆ ಹುಬ್ಬು ಮೇಲೇರಿತು. ಮೂರನೆಯದಕ್ಕೆ ಗಂಡನ ಅಂಗಿಯ ತೋಳು ಹಿಡಿದು ಕಾರಿಡಾರಿಗೆ ಎಳೆದು ತಂದರು.

"ಏನ್ರೀ ಇದು?"

"ಜೊಂಡುಬಕ ಕಣೇ! ಹನ್ನೊಂದು ವರ್ಷಕ್ಕೊಮ್ಮೆ..."

"ನನಗೆ ಇಪ್ಪತ್ತೊಂದು ವರ್ಷದಿಂದ ದಿನಾ ಕೇಳಿಸ್ತಿದೆ! ದಿನಕ್ಕೆ ಹತ್ತು ಬಾಯಿ ಬಿಡಿಸ್ತೀನಿ ನಾನು. ಬಾಯಿ ಬಿಟ್ಕೊಂಡು ಮಲಗಿದವರ ಸದ್ದು ನನಗೆ ತಿಳಿಯಲ್ವಾ? ಮೇಲಿನ ಬಲದವಡೆ ಹಲ್ಲು ಕಟ್ಟಿಸ್ಕೊಳ್ಳಿ ಅಂದ್ರೆ ಕೇಳ್ಲಿಲ್ಲ ನೀವು. ಆ ಸಂದಿಯಲ್ಲಿ ಗಾಳಿ ನುಗ್ಗಿ ಬರೋ ಶಿಳ್ಳೆ ಅದು. ಅದು ಬಕ ಅಲ್ಲ, ನೀವು!"

ಚಾಳೀಸಪ್ಪನವರು ತಿರುಗಿ ನೋಡಿದರು. ಕಿಟಕಿಯಾಚೆ ನೂರು ಜನ. ಗೇಟಿನಾಚೆ ಸಿಟ್ಟಿನಿಂದ ತಿರುಗಿ ಹೋದ ಎರಡು ಬಸ್ಸು. ಪುಸ್ತಕದಲ್ಲಿ ತಮ್ಮದೇ ಸಹಿ, ಅದರ ಕೆಳಗೆ ಎರಡು ಗೆರೆ ಬೇರೆ!

"ಈಗ ಹೇಗೆ ಹೇಳ್ಲೇ? ಮರ್ಯಾದೆ ಮೂರಾಬಟ್ಟೆ ಆಗುತ್ತೆ. ಜೊಂಡು ಉಳೀತಲ್ಲ, ಒಳ್ಳೇದೇ ಆಯ್ತು ಅಂತ ಸುಮ್ನಿದ್ದುಬಿಡೋಣ."

"ನಾಳೆ ಮೇಲಿನವರು ಹುಡುಕಿಸ್ತಾರೆ. ಬಕ ಸಿಗಲ್ಲ. ಆಗ ಸುಳ್ಳು ಹೇಳಿದ್ದು ಯಾರು ಅನ್ನಿಸ್ಕೊಳ್ತಾರೆ? ನೀವಲ್ಲ. ಆ ಹುಡುಗಿ," ಎಂದು ಡಾಕ್ಟರಮ್ಮ ಬಾಗಿಲಿನತ್ತ ತೋರಿಸಿದರು.

ಒಳಗೆ ಮೇಡಂ ಫೋನು ಹಿಡಿದು ಕಾಯುತ್ತಿದ್ದರು. ಕಿವಿಗೆ ಫೋನು, ಕೈಯಲ್ಲಿ ಆ ಪುಸ್ತಕ, ಮುಖದಲ್ಲಿ ಪರೀಕ್ಷೆಯಲ್ಲಿ ಪಾಸಾದವರ ಬೆಳಕು. ಚಾಳೀಸಪ್ಪನವರು ಜೀವನದಲ್ಲಿ ಸಾವಿರ ಸಾವಿರ ಮುಖಗಳನ್ನು ಒಂದು ಗೇಣು ದೂರದಿಂದ ನೋಡಿದವರು. ಈ ಮುಖವನ್ನು ನೋಡಲಾಗಲಿಲ್ಲ.

ನೇರ ಒಳಗೆ ಹೋದರು. "ಮೇಡಂ, ಫೋನ್ ಇಡಿ. ಅದು ಜೊಂಡುಬಕ ಅಲ್ಲ. ನಾನು ಏನೂ ನೋಡ್ಲಿಲ್ಲ, ಕೇಳ್ಲೂ ಇಲ್ಲ. ನಿದ್ದೆ ಹೋಗಿದ್ದೆ. ಅದು... ನನ್ನ ಗೊರಕೆ."

ಷಡ್ಡಕ ಮುಂದೆ ಬಂದ.

"ಏನಣ್ಣಾ ತಮಾಷೆ! ಮನುಷ್ಯನ ಮೂಗಿಂದ ಇಂಥ ಸದ್ದು ಬರುತ್ತಾ? ನಾನು ಕಣ್ಣಾರೆ ಕತ್ತು ನೋಡಿದೀನಿ. ಗಂಡು ಬಕ. ಎಡಕ್ಕೆ ತಿರುಗಿ ನನ್ನನ್ನೇ ದಿಟ್ಟಿಸ್ತು! ಮೇಷ್ಟ್ರೇ, ಪೂರ್ತಿ ಹಾಕಿ, ಎಲ್ಲರೂ ಕೇಳ್ಲಿ!"

ಮೇಷ್ಟ್ರು ಮತ್ತೆ ಗುಂಡಿ ಒತ್ತಿದರು. ಗುಟುರು ಒಂದಾಯಿತು, ಹತ್ತಾಯಿತು. ಡಾಕ್ಟರಮ್ಮ ಗಡಿಯಾರ ನೋಡಿಕೊಂಡು, "ಈಗ ಕೆಮ್ಮು," ಎಂದರು. ಬಕ ಕೆಮ್ಮಿತು. "ಈಗ ತುಟಿ ಚಪ್ಪರಿಸುತ್ತೆ." ಬಕ ಚಪ್ಪರಿಸಿತು. ಆಮೇಲೆ ಜೊಂಡಿನ ಆಳದಿಂದ, ಹನ್ನೊಂದು ವರ್ಷದ ಮೌನವನ್ನು ಸೀಳಿಕೊಂಡು, ಆ ಅಪರೂಪದ ಪಕ್ಷಿ ಸ್ಪಷ್ಟವಾದ ಕನ್ನಡದಲ್ಲಿ ನುಡಿಯಿತು:

"ಹ್ಞಾಂ... ಈಗ ಎರಡನೇ ಸಾಲು ಓದಿ..."

ತಂಗಿ ಗಂಡನತ್ತ ನಿಧಾನವಾಗಿ ತಿರುಗಿದಳು. "ಎಡಕ್ಕೆ ತಿರುಗಿ ನಿಮ್ಮನ್ನೇ ದಿಟ್ಟಿಸ್ತಾ?" ಷಡ್ಡಕ ಲೆನ್ಸಿನ ಮುಚ್ಚಳವನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವನು ಅಲ್ಲೇ ಉಳಿದ.

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿಯಲ್ಲಿ ಕುಸಿದು ಕೂತು ಒಂದು ಲೋಟ ನೀರು ಕುಡಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಮೇಲೆ ಬೀರುವಿನಿಂದ ಒಂದು ಹಾಳೆ ತೆಗೆದು ಕೊಟ್ಟರು. "ದಾಖಲೆ ವಾಪಸ್ ತಗೊಳ್ಳೋ ಅರ್ಜಿ. ನಿಮ್ಮ ಕೈಯಾರೆ ತುಂಬಿ ಕೊಡಿ ಸರ್. ನಾನು ಹೊರಗಿನ ಜನಕ್ಕೆ ಹೇಳ್ತೀನಿ."

ಎಲ್ಲರೂ ಹಲಗೆದಾರಿಗೆ ನಡೆದರು. ಹೊರಗಿನ ಜನ ಒಪ್ಪಬೇಕಲ್ಲ! "ನಮ್ಮನ್ನ ಓಡಿಸೋಕೆ ಕಥೆ ಕಟ್ತಿದೀರಿ" ಎಂದು ಗದ್ದಲ ಎಬ್ಬಿಸಿದರು. ಬೇರೆ ದಾರಿ ಕಾಣದೆ ಮೇಡಂ, "ಮೇಷ್ಟ್ರೇ, ಇಲ್ಲೇ ಹಾಕಿಬಿಡಿ, ಜೋರಾಗಿ," ಎಂದರು. ಸ್ಪೀಕರನ್ನು ದಾರಿಯಂಚಿನ ಕಟಕಟೆಯ ಮೇಲಿಟ್ಟು ಜೊಂಡಿಗೆ ಕೇಳುವಂತೆ ಗೊರಕೆಯನ್ನು ಹರಿಯಬಿಟ್ಟರು. ಎರಡನೇ ಸಾಲು ಓದುವ ಹೊತ್ತಿಗೆ ನೂರು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಚಾಳೀಸಪ್ಪನವರು ತುದಿಯಲ್ಲಿ ನಿಂತು, ತಮ್ಮ ಚಾಳೀಸು ಮೂಗಿಗೇರಿಸಿ, ಅರ್ಜಿಯನ್ನು ಕಟಕಟೆಯ ಮೇಲಿಟ್ಟು ತುಂಬುತ್ತಿದ್ದರು. 'ಸದ್ದು ಮಾಡಿದ ಪ್ರಾಣಿ': ನಾನು. 'ಲಿಂಗ': ಗಂಡು. 'ಅಂದಾಜು ವಯಸ್ಸು': ಐವತ್ತೆರಡು. 'ಸದ್ದು ಮಾಡುವಾಗ ಅದರ ವರ್ತನೆ': ಇಲ್ಲಿ ಪೆನ್ನು ನಿಂತಿತು.

ಆಗ ಜೊಂಡಿನಿಂದ ಬಂತು: "ಘೂಂ..."

"ಪ್ರತಿಧ್ವನಿ," ಎಂದರು ಯಾರೋ, ನಗುತ್ತ.

ಮೇಷ್ಟ್ರ ಮುಖ ಬಿಳುಚಿತು. ಅವರು ಗುಂಡಿ ಒತ್ತಿ ಸ್ಪೀಕರು ನಿಲ್ಲಿಸಿ ಆಗಲೇ ಎರಡು ನಿಮಿಷವಾಗಿತ್ತು!

"ಘೂಂ... ಘೂಂ..." ಈ ಸಲ ಇನ್ನೂ ಹತ್ತಿರ. ದನಿಯಲ್ಲಿ ಸಿಟ್ಟಿತ್ತು. ನೂರು ಜನರ ನಗು ನಿಂತಿತು. ಜೊಂಡು ಸರಿಯಿತು.

'ವರ್ತನೆ' ಎಂಬ ಕಾಲಮ್ಮಿನಲ್ಲಿ ಮುಳುಗಿದ್ದ ಚಾಳೀಸಪ್ಪನವರು ಅಷ್ಟು ನಿಶ್ಶಬ್ದವಾದದ್ದೇಕೆಂದು ತಲೆ ಎತ್ತಿದರು. ಹತ್ತಿರದ್ದನ್ನು ಓದುವ ಗಾಜು, ದೂರದ್ದೆಲ್ಲ ಮಸುಕು. ಕಂದು ಬಣ್ಣದ ಏನೋ ಒಂದು ಮಬ್ಬು ಕೆಸರಿನ ಮೇಲೆ ನಾಲ್ಕು ಹೆಜ್ಜೆ ನಡೆದಂತಾಯಿತು. ಚಾಳೀಸು ಕಿತ್ತು, ಕೈ ತಪ್ಪಿ ಅದು ಕೆಸರಿಗೆ ಬಿದ್ದು, ಬೈನಾಕ್ಯುಲರಿನ ದಾರ ಕಿವಿಗೆ ಸಿಕ್ಕಿ, ಅದನ್ನು ಬಿಡಿಸಿ ಕಣ್ಣಿಗಿಡುವಷ್ಟರಲ್ಲಿ ಅಲ್ಲಿ ಅಲುಗುವ ಜೊಂಡು ಬಿಟ್ಟರೆ ಇನ್ನೇನೂ ಇರಲಿಲ್ಲ.

"ಏನಾಯ್ತು? ಏನಿತ್ತು?"

"ಎಷ್ಟು ಚಂದ ಇತ್ರೀ!" ಡಾಕ್ಟರಮ್ಮ ಗಲ್ಲದ ಮೇಲೆ ಕೈಯಿಟ್ಟು ನಿಂತಿದ್ದರು. "ಮೈಯೆಲ್ಲ ಗೆರೆ ಗೆರೆ, ಕತ್ತು ಆಕಾಶಕ್ಕೆ. ಈಚೆ ಬಂದು, ಯಾರೋ ಅದು ನನ್ನ ಜಾಗದಲ್ಲಿ ಕೂಗಿದ್ದು ಅನ್ನೋ ಥರ ಸುತ್ತ ನೋಡಿ, ಬೈದುಕೊಂಡು ಒಳಗೆ ಹೋಯ್ತು."

ನೂರು ಜನ ನೋಡಿದ್ದರು. ಚಹಾದ ಗಾಡಿಯವನೂ ನೋಡಿದ್ದ. ಷಡ್ಡಕನ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ಬಂದಿತ್ತು. ಅದು ಅವನ ಬಲಗಾಲಿನ ಶೂ. ಬಾಯಿ ಬಿಟ್ಟು ನೋಡುತ್ತ ನಿಂತವನು ಲೆನ್ಸು ಎತ್ತುವುದನ್ನೇ ಮರೆತಿದ್ದ.

"ಗಂಡು ಬಕಗಳಿಗೆ ಹಾಗೇ," ಮೇಷ್ಟ್ರು ವಿವರಿಸಿದರು. "ಇನ್ನೊಂದು ಗಂಡು ತನಗಿಂತ ಜೋರಾಗಿ ಕೂಗಿದ್ರೆ ಸಹಿಸಲ್ಲ. ಹನ್ನೊಂದು ವರ್ಷ ನಾವು ಸುಮ್ಮನೆ ಕಾದ್ವಿ. ಅದನ್ನ ಕೆಣಕೋರು ಬೇಕಿತ್ತು."

ಮೇಡಂ ಡಾಕ್ಟರಮ್ಮನನ್ನು ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಪುಸ್ತಕ ತೆರೆದು ಹೊಸ ಪುಟದಲ್ಲಿ ನೋಡಿದವರ ಹೆಸರು ಬರೆಸತೊಡಗಿದರು. ಸಾಲು ಉದ್ದವಿತ್ತು. ನೋಡದೇ ಇದ್ದ ಚಾಳೀಸಪ್ಪನವರು ಅರ್ಧ ತುಂಬಿದ ಅರ್ಜಿ ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತರು. ಹೆಮ್ಮೆ ಪಡಬೇಕೋ ನಾಚಬೇಕೋ ತಿಳಿಯದೆ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಸಾಲು ಮುಗಿದ ಮೇಲೆ ಮೇಡಂ ತಾವೇ ಅವರ ಬಳಿ ಬಂದರು.

"ಸರ್, ಮುಂದಿನ ವರ್ಷದ ಎಣಿಕೆಗೆ ನೀವು ತಪ್ಪದೇ ಬರಬೇಕು."

"ನಾನಾ?" ಚಾಳೀಸಪ್ಪನವರ ಕಣ್ಣಲ್ಲಿ ನೀರಾಡಿತು. "ಇಷ್ಟೆಲ್ಲ ಆದ ಮೇಲೂ ಕರೀತಿದೀರಲ್ಲ ಮೇಡಂ... ಏನು ತರಲಿ, ಹೇಳಿ. ದೊಡ್ಡ ಲೆನ್ಸು? ಹೊಸ ಪುಸ್ತಕ?"

"ಏನೂ ಬೇಡ ಸರ್," ಎಂದರು ಮೇಡಂ. "ಒಂದು ದಿಂಬು ತನ್ನಿ, ಸಾಕು."